ಬಾಟ್‌ಗಳ ಬಾಯಿಗೆ ಬೀಗ: ಈ ವಾರದ ಕೆಲಸ

ಈ ವಾರ ಹೊಸ ಫೀಚರ್ ಏನೂ ಬರೆದಿಲ್ಲ. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಟೇಬಲ್) ಫೈಲ್ ಓದುವ ನಮ್ಮ ಲೈಬ್ರರಿಯ ಗಿಟ್‌ಹಬ್ ರೆಪೋದಲ್ಲಿ (ಕೋಡ್ ಇಡುವ ಜಾಗ) ಬಾಟ್‌ಗಳ, ಅಂದರೆ ತಾವೇ ಓಡುವ ಪ್ರೋಗ್ರಾಂಗಳ, ಗಲಾಟೆ ತಗ್ಗಿಸುವುದರಲ್ಲೇ ಹೊತ್ತು ಹೋಯಿತು.

ಮೊದಲು ಡಿಪೆಂಡಬಾಟ್. ಡಿಪೆಂಡೆನ್ಸಿ (ನಮ್ಮ ಕೋಡ್ ನೆಚ್ಚಿಕೊಂಡ ಬೇರೆಯವರ ಪ್ಯಾಕೇಜ್) ಹಳತಾದರೆ ಸಾಕು, ತಾನೇ ಪುಲ್ ರಿಕ್ವೆಸ್ಟ್, ಅಂದರೆ ಕೋಡ್ ಬದಲಿಸುವ ಕೋರಿಕೆ, ಹಾಕುತ್ತದೆ. ಒಮ್ಮೆಗೆ 5 ಅಂತ ಮಿತಿಯೇನೋ ಇದೆ. ಆದರೆ ಅಷ್ಟನ್ನೂ ಮರ್ಜ್ ಮಾಡಿದರೆ (ಕೋಡಿಗೆ ಸೇರಿಸಿದರೆ) ಮುಂದಿನ ಸರದಿಗೆ ಮತ್ತೈದು ಹಾಜರ್! ಈಗ ಪ್ಯಾಚ್, ಮೈನರ್ ಅನ್ನುವ ಸಣ್ಣಪುಟ್ಟ ಅಪ್‌ಡೇಟ್ ಎಲ್ಲವನ್ನೂ ಒಂದೇ ಗ್ರೂಪ್‌ಗೆ ಸೇರಿಸಿ ತಿಂಗಳಿಗೊಮ್ಮೆ ಬರುವಂತೆ ಮಾಡಿದ್ದೇನೆ. ಸೆಕ್ಯುರಿಟಿ ಅಪ್‌ಡೇಟ್‌ಗಳು ಈ ವೇಳಾಪಟ್ಟಿಗೆ ಕಾಯುವುದಿಲ್ಲ, ಹಾಗಾಗಿ ಚಿಂತೆಯಿಲ್ಲ. ಜೊತೆಗೆ 7 ದಿನದ ಕೂಲ್‌ಡೌನ್: ಹೊಸ ವರ್ಷನ್ ಬಂದು ಅಷ್ಟು ದಿನ ಆಗುವವರೆಗೆ ಬಾಟ್ ಕಾಯುತ್ತದೆ. ಕಾರಣ ಇದೆ. 2022ರ ಜನವರಿಯಲ್ಲಿ ಎನ್‌ಪಿಎಂ ಅನ್ನುವ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಭಂಡಾರದ ಕಲರ್ಸ್ ಪ್ಯಾಕೇಜಿಗೆ ಅದರ ಲೇಖಕನೇ ಬೇಕಂತಲೇ ಕೊನೆಯಿಲ್ಲದ ಲೂಪ್ ಸೇರಿಸಿ ಬಿಟ್ಟಿದ್ದ. ಹೊಸ ವರ್ಷನ್ನನ್ನು ಬಂದ ದಿನವೇ ಎಳೆದುಕೊಂಡವರಿಗೆ ಏಟು ಬಿತ್ತು. ಸ್ವಲ್ಪ ತಡವಾದರೆ ನಷ್ಟವೇನಿಲ್ಲ ಅಲ್ವಾ?

ನನಗೆ ಜಾಸ್ತಿ ಸಿಟ್ಟು ಬರಿಸಿದ್ದು ಸ್ಟೇಲ್ ಬಾಟ್. ಯಾರೂ ಮುಟ್ಟದ ಇಶ್ಯೂಗೆ (ಬಗ್ ವರದಿ, ದೂರು ಇತ್ಯಾದಿ) 60 ದಿನಕ್ಕೆ "ಹಳತು" ಅಂತ ಲೇಬಲ್, ಮತ್ತೆ 7 ದಿನಕ್ಕೆ ಬಾಗಿಲು ಬಂದ್. ಕೊನೆಯ ಸಾಲು ಖಾಲಿ ಇದ್ದರೆ ಪಾರ್ಸರ್ (ಫೈಲ್ ಓದಿ ಬಿಡಿಸುವ ಕೋಡ್) ಬೀಳುತ್ತದೆ ಅಂತ ಒಬ್ಬರು ಸ್ಯಾಂಪಲ್ ಫೈಲ್ ಸಮೇತ ಬರೆದಿದ್ದರು. ಬಾಟ್ ಎಚ್ಚರಿಸಿತು. "ಬಗ್ ಇನ್ನೂ ಇದೆ" ಅಂದರು. ಲೇಬಲ್ ಹೋಯಿತು. ಎರಡು ತಿಂಗಳಾದ ಮೇಲೆ ಮತ್ತೆ ಅದೇ ಎಚ್ಚರಿಕೆ, ಅದೇ ಉತ್ತರ. ಆಮೇಲೆ ಅವರೂ ಸುಮ್ಮನಾದರು, ಇಶ್ಯೂ ಮುಚ್ಚಿತು. ಪಟ್ಟಿ ಚೊಕ್ಕಟ, ಬಗ್ ಮಾತ್ರ ಇದ್ದಲ್ಲೇ! ಇನ್ನು ಮುಂದೆ ಈ ಬಾಟ್ "ಮಾಹಿತಿ ಬೇಕು" ಲೇಬಲ್ ಇರುವ ಇಶ್ಯೂಗಳನ್ನು ಮಾತ್ರ ಮುಟ್ಟುತ್ತದೆ. ಆ ಹಳೇ ಇಶ್ಯೂವನ್ನು ಮತ್ತೆ ತೆರೆದಿದ್ದೇನೆ.

ಟೆಸ್ಟ್‌ಗಳು ಎಷ್ಟು ಕೋಡ್ ಮುಟ್ಟುತ್ತವೆ ಅಂತ ಹೇಳುವ ಕವರೇಜ್ ಬಾಟ್‌ನ ಉದ್ದನೆ ಟೇಬಲ್ ಈಗ ಕಮೆಂಟಿನಲ್ಲಿ ಬರುವುದಿಲ್ಲ, ಜಾಬ್ ಸಮ್ಮರಿಗೆ (ಟೆಸ್ಟ್ ಓಟದ ಸಾರಾಂಶ ಪುಟ) ಹೋಗುತ್ತದೆ. ರೀಡ್‌ಮಿ ಅನ್ನುವ ಪರಿಚಯ ಫೈಲಿನಲ್ಲಿ ಒಂದಕ್ಷರ ತಿದ್ದಿ ಮೊದಲ ಸಲ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಮನುಷ್ಯರ ಮಾತಿಗೆ ಮೊದಲೇ ಬಾಟ್‌ಗಳ ಸಾಲು ಸಾಲು ಕಮೆಂಟ್ ಬಂದರೆ ಯಾರು ತಾನೇ ಮತ್ತೆ ಬರುತ್ತಾರೆ?

ಉಳಿದಿರುವುದು ಕೋಡಿನ ಜೋಡಣೆ ಸರಿಪಡಿಸುವ ಫಾರ್ಮ್ಯಾಟರ್. ಅದು ಗಿಟ್‌ಹಬ್‌ನ ಡೀಫಾಲ್ಟ್ ಟೋಕನ್ (ಅನುಮತಿಯ ಕೀಲಿ) ಬಳಸಿ ತಾನೇ ಕಮಿಟ್ ಪುಶ್ ಮಾಡುತ್ತದೆ, ಅಂದರೆ ತಿದ್ದಿದ್ದನ್ನು ರೆಪೋಗೆ ಕಳಿಸುತ್ತದೆ. ಆ ಟೋಕನ್‌ನಿಂದಾದ ಪುಶ್‌ಗೆ ಆಕ್ಷನ್ಸ್ (ಟೆಸ್ಟ್ ಓಡಿಸುವ ಗಿಟ್‌ಹಬ್ ವ್ಯವಸ್ಥೆ) ಮತ್ತೆ ಓಡುವುದಿಲ್ಲ. ಅಂದರೆ ಕೊನೆಯ ಕಮಿಟ್‌ಗೆ ಟೆಸ್ಟೇ ಇಲ್ಲ. ಬೇರೆ ಟೋಕನ್ ಕೊಡಬಹುದು, ಆದರೆ ಬಾಟ್ ಕೈಗೆ ಜಾಸ್ತಿ ಅಧಿಕಾರ ಕೊಡಲು ನನಗೆ ಮನಸ್ಸಿಲ್ಲ. ಜೋಡಣೆ ತಪ್ಪಿದ್ದರೆ ಚೆಕ್ ಫೇಲ್ ಮಾಡಿ, ಓಡಿಸಬೇಕಾದ ಕಮ್ಯಾಂಡನ್ನು ತೋರಿಸಿದರೆ ಸಾಕು. ಮುಂದಿನ ವಾರ ಅದನ್ನೇ ಮಾಡುತ್ತೇನೆ.