ನಮ್ಮೂರ ಚರ್ಚಿನ ಗಂಟೆ: ಮಳೆಗೆ ಮುಂಚೆ ಆದಷ್ಟು ಕೆಲಸ

ನಮ್ಮೂರ ಚರ್ಚಿನ ಹಳೆಯ ಗಂಟೆಯ ವಿವರ ಬರೆದಿಡಲು ಈ ಮಳೆಗೆ ಮುಂಚೆ ಗೋಪುರ ಹತ್ತಿ ಮಾಡಬೇಕಾದ ಕೆಲಸವೆಲ್ಲ ಮುಗಿಯಿತು. ಗಂಟೆಯ ಅಳತೆ ಸಿಕ್ಕಿದೆ, ಅದರ ಮೇಲಿನ ಬರಹದ ಪಡಿಯಚ್ಚು ಸಿಕ್ಕಿದೆ, ದನಿ ರೆಕಾರ್ಡ್ ಆಗಿದೆ. ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿದರೆ ಆ ಮರದ ಏಣಿಗೆ ಕಾಲಿಡುವ ಹಾಗಿಲ್ಲ. ಮಳೆ ನಿಲ್ಲುವ ತನಕ ಇನ್ನೇನಿದ್ದರೂ ಕೆಳಗೆ ಕೂತು ಮಾಡುವ ಕೆಲಸ.

ಮೊದಲು ಬರಹ. ಯಾವುದೋ ಹಬ್ಬಕ್ಕೆ ಗೋಪುರಕ್ಕೆ ಸುಣ್ಣ ಹೊಡೆಯುವಾಗ ಗಂಟೆಯ ಮೇಲೂ ಸುಣ್ಣ ಬಿದ್ದು ಗಟ್ಟಿಯಾಗಿದೆ. ಆಸಿಡ್ ಹಾಕಿ ತೊಳೆಯೋಣ ಎಂದು ಸಲಹೆ ಕೊಟ್ಟವರಿದ್ದರು, ನಾನು ಒಪ್ಪಲಿಲ್ಲ. ಕಂಚಿನ ಮೇಲೆ ವರ್ಷಗಳಿಂದ ಕಟ್ಟಿದ ಆ ಹಸಿರುಗಪ್ಪು ಪದರವೇ ಅದಕ್ಕೆ ಕಾವಲು. ಒದ್ದೆ ಬಟ್ಟೆ, ಬಿದಿರಿನ ಕಡ್ಡಿ, ತಾಳ್ಮೆ, ಇಷ್ಟರಲ್ಲೇ ಸಾಕಷ್ಟು ಸುಣ್ಣ ಬಿಟ್ಟಿತು. ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜಿದಾಗ 'ಆವೆ ಮರಿಯ' (ನಮೋ ಮರಿಯಾ) ಎಂಬ ಲ್ಯಾಟಿನ್ ಸಾಲು, ಒಂದು ಶಿಲುಬೆ, ಇಸವಿಯ ಮೊದಲೆರಡು ಅಂಕಿ 18, ಇಷ್ಟು ಮೂಡಿತು. ಉಳಿದೆರಡು ಅಂಕಿ ತೊಲೆಯ ಕಡೆಗಿವೆ, ಅಲ್ಲಿಗೆ ಕೈ ಹೋಗುವುದಿಲ್ಲ. ಅಕ್ಷರಗಳು ಕೆತ್ತಿದವಲ್ಲ, ಉಬ್ಬು. ಎರಕ ಹೊಯ್ಯುವವರು ಮಣ್ಣಿನ ನಕಲು ಗಂಟೆಯ ಮೇಲೆ ಮೇಣದ ಅಕ್ಷರ ಅಂಟಿಸಿ, ಅದರ ಮೇಲೆ ಹೊರ ಅಚ್ಚಿನ ಮಣ್ಣು ಮೆತ್ತುತ್ತಿದ್ದರು. ಮೇಣ ಕರಗಿ ಉಳಿದ ಗುಳಿಗೆ ಕಂಚು ಇಳಿದಾಗ ಅಕ್ಷರ ಉಬ್ಬಿ ನಿಲ್ಲುತ್ತದೆ.

ಬಾಯಿಯ ಅಡ್ಡಳತೆ 66 ಸೆಂಟಿಮೀಟರ್. ಒಂದು ಮೀಟರ್ ಅಗಲದ ಗಂಟೆ ಹೆಚ್ಚುಕಮ್ಮಿ 600 ಕಿಲೋ ತೂಗುತ್ತದೆ, ತೂಕ ಅಡ್ಡಳತೆಯ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಆ ಲೆಕ್ಕದಲ್ಲಿ ನಮ್ಮದು ಸುಮಾರು 170 ಕಿಲೋ. ಇಷ್ಟು ಭಾರವನ್ನು ಘಾಟಿ ಹತ್ತಿಸಿ, ಇಲ್ಲವೇ ಬಯಲುಸೀಮೆ ದಾಟಿಸಿ ಇಲ್ಲಿಗೆ ಹೇಗೆ ತಂದರೋ ಎಂದು ಯೋಚಿಸಿದಾಗೆಲ್ಲ ಆ ಜನರ ಮೇಲೆ ಗೌರವ ಹೆಚ್ಚುತ್ತದೆ.

ದನಿಯ ಕೆಲಸ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಚರ್ಚಿನ ಗಂಟೆಯಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ತವರ ಹೆಚ್ಚಿರುವುದರಿಂದಲೇ ನಾದ ಅಷ್ಟು ಹೊತ್ತು ನಿಲ್ಲುತ್ತದೆ, ಅದರಿಂದಲೇ ಲೋಹ ಪೆಡಸೂ ಆಗುತ್ತದೆ. ಒಂದೇ ಪೆಟ್ಟಿನಲ್ಲಿ ಹಲವು ಸ್ವರ ಏಳುತ್ತವೆ. ಫೋನಿನ ಆ್ಯಪ್‌ನಲ್ಲಿ ನೋಡಿದಾಗ 634, 760, 1272 ಹರ್ಟ್ಸ್ ಎದ್ದು ಕಂಡವು. 634ರ ಮೇಲೆ 760 ಅಂದರೆ ಷಡ್ಜದ ಮೇಲೆ ಕೋಮಲ ಗಾಂಧಾರದಷ್ಟು ದೂರ, ಕರ್ನಾಟಕ ಸಂಗೀತದವರ ಸಾಧಾರಣ ಗಾಂಧಾರ. ಚರ್ಚ್ ಗಂಟೆಯ ದನಿಯಲ್ಲಿ ಒಂದು ಬಗೆಯ ವಿಷಾದ ಇದೆ ಅನ್ನಿಸುವುದು ಈ ಗಾಂಧಾರದಿಂದ. ಮದುವೆಗೆ ಹೊಡೆದರೂ ಅದು ಇದ್ದೇ ಇರುತ್ತದೆ.

ಚಿಂತೆಯ ವಿಷಯ ನಾಲಿಗೆಯದು. ಇಲ್ಲಿ ಗಂಟೆ ತೂಗಾಡುವುದಿಲ್ಲ, ಹಗ್ಗವನ್ನು ನೇರ ನಾಲಿಗೆಗೇ ಕಟ್ಟಿದ್ದಾರೆ. ಹಾಗಾಗಿ ಪೆಟ್ಟೆಲ್ಲ ಒಂದೇ ಕಡೆ ಬಿದ್ದು, ತುಟಿಯ ಒಳಗೆ ನಿಂಬೆಹಣ್ಣಿನ ಹೋಳು ಒತ್ತಿದಂಥ ಗುಳಿ ಬಿದ್ದಿದೆ. ಹಗ್ಗ ಎಳೆದವರು ಕೈ ಸಡಿಲಿಸದೆ ಹಿಡಿದರೆ ನಾಲಿಗೆ ಲೋಹಕ್ಕೆ ಒತ್ತಿಕೊಂಡೇ ಇರುತ್ತದೆ, ನಡುಗುವ ಗಂಟೆ ಆಗ ಸೀಳುವ ಸಂಭವ ಇದೆ. ಯುರೋಪಿನಲ್ಲೂ ಎಷ್ಟೋ ಹಳೆಯ ಗಂಟೆಗಳು ಹೀಗೆಯೇ ಒಡೆದಿವೆ. ಬಹುಕಾಲ ಗಂಟೆ ಹೊಡೆದ ಅಜ್ಜನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು: "ನಾಲ್ಗೆ ತಾಗಿದ ಕೂಡ್ಲೇ ಕೈ ಬಿಟ್ಬಿಡ್ಬೇಕು ಮಗಾ. ಹಿಡ್ಕಂಡ್ರೆ ದನಿ ಸಾಯ್ತದೆ." ಗಂಟೆಯನ್ನು ತೊಲೆಯಲ್ಲೇ ಕಾಲು ಸುತ್ತು ತಿರುಗಿಸಿದರೆ ಹೊಸ ಜಾಗಕ್ಕೆ ಪೆಟ್ಟು ಬೀಳುತ್ತದೆ, ಅಡಗಿರುವ ಅಂಕಿಗಳೂ ಈಚೆ ಬರುತ್ತವೆ. ಫಾದರ್ ಒಪ್ಪಿದ್ದಾರೆ.

ಅಜ್ಜನ ಹೊಡೆತದ ಕ್ರಮವನ್ನೂ ಬರೆದುಕೊಂಡೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಪ್ರಾರ್ಥನೆಗೆ ಮೂರು ಮೂರು ಮೂರು, ಕೊನೆಗೆ ಒಂಬತ್ತು. ಇದು ಬಹಳ ಕಡೆ ಇರುವ ಕ್ರಮ. ಸಾವಿನ ಗಂಟೆಯಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಪರಲೋಕ ಮಂತ್ರ ('ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆ) ಮನಸ್ಸಿನಲ್ಲೇ ಹೇಳಿ ಮುಗಿಸುತ್ತಾರೆ. ಪವಿತ್ರ ಗುರುವಾರದ, ಅಂದರೆ ಗುಡ್ ಫ್ರೈಡೇ ಹಿಂದಿನ ದಿನದ, ಪೂಜೆಯಲ್ಲಿ ಮಹಿಮಾಗೀತೆಯಾದ ಮೇಲೆ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯ ತನಕ ಗಂಟೆ ಮೌನ, ಆಗ ಮರದ ಗಿಲಕಿ. ಸಾವಿನ ಗಂಟೆಯ ಈ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಗಂಟೆಯ ಚರಿತ್ರೆಯೆಂದರೆ ಎರಕದ ಇಸವಿ ಮಾತ್ರ ಎಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಕೈಬಿಟ್ಟಂತೆ.

ಕಡತಗಳ ದಾರಿ ಉದ್ದ ಇದೆ. ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಆದದ್ದು 1963ರಲ್ಲಿ. ಅದಕ್ಕೆ ಮೊದಲು ನಾವು ಮೈಸೂರಿಗೆ ಸೇರಿದ್ದೆವು. ಮೈಸೂರು, ಬೆಂಗಳೂರು ಬೇರೆಯಾದದ್ದು 1940ರಲ್ಲಿ. ಅದರ ಹಿಂದಿನ ಕಡತಗಳು ಹೆಚ್ಚಾಗಿ ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಪಾದ್ರಿಗಳ ಕಾಲದವು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಈಗ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಚರ್ಚೂ ಅವರದೇ. ಮೈಸೂರಿಗೆ ಒಂದು, ಬೆಂಗಳೂರಿಗೆ ಒಂದು ಕಾಗದ ಬರೆದಿದ್ದೇನೆ. ಸರಕಿನ ಪಟ್ಟಿಯೋ ಖರ್ಚಿನ ಪುಸ್ತಕವೋ ಸಿಕ್ಕಿದರೂ ಸಾಕು, ಗಂಟೆ ಯಾವ ದಾರಿಯಲ್ಲಿ ಬಂತು ಎಂದು ತಿಳಿಯುತ್ತದೆ.

ಮುಂದಿನ ಕೆಲಸ, ಬೇಸಿಗೆಗೆ ಮೊದಲು ಕಮ್ಮಾರರನ್ನು ಕರೆದು, ಗಂಟೆಯನ್ನು ತೊಲೆಗೆ ಬಿಗಿದಿರುವ ತುಕ್ಕು ಹಿಡಿದ ಬೋಲ್ಟು ತೋರಿಸುವುದು. ಹಾಸನ ಕಡೆಯ ಹಳೆಯ ಚರ್ಚುಗಳವರು ನಿಮ್ಮೂರಿನ ಸಾವಿನ ಗಂಟೆಯ ಕ್ರಮ ಬರೆದು ಕಳಿಸಿದರೆ ತುಂಬ ಉಪಕಾರ. ಜೊತೆಗೆ ಗಂಟೆಯ ಬಾಯಿಯ ಅಗಲವನ್ನೂ ಅಳೆದು ಹಾಕಿ.