ಅಂಗಡಿಗೆ ಬರುವ ಮುಂಚೆ ಸತ್ತವುಗಳ ಲೆಕ್ಕ

ಹುಬ್ಬಳ್ಳಿಯಲ್ಲಿ ನನ್ನದು ಅಕ್ವೇರಿಯಂ ಅಂಗಡಿ. ಮೀನು, ಟ್ಯಾಂಕು, ನಾಯಿ-ಬೆಕ್ಕಿನ ಆಹಾರ ಮಾರುತ್ತೇನೆ. ಈಚೆಗೆ ಹುಡುಗರು ಬಂದು ಕೇಳುವುದೇ ಬೇರೆ. ‘ಕಾಕಾ, ಇಗ್ವಾನಾ ತರಿಸಿ ಕೊಡ್ತೀರೇನ್ರಿ? ನಕ್ಷತ್ರ ಆಮಿ ಸಿಗತಾವೇನ್ರಿ?’ ಸಪ್ಲೈಯರುಗಳ ವಾಟ್ಸಾಪ್ ಗ್ರೂಪಿನಲ್ಲೂ ಫೋಟೊ, ರೇಟು ಬರುತ್ತಲೇ ಇರುತ್ತವೆ. ಇಗ್ವಾನಾ ಅಂದರೆ ವಿದೇಶದ ದೊಡ್ಡ ಹಲ್ಲಿ. ನಾನು ಇವನ್ನು ಮಾರುವುದಿಲ್ಲ. ಯಾಕೆ ಅಂತ ಕೌಂಟರಿನಲ್ಲಿ ನಿಂತು ಪೂರ್ತಿ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಗೆ ಮೀನು ಹೆಚ್ಚಾಗಿ ಬರುವುದು ಚೆನ್ನೈನ ಕೊಳತ್ತೂರಿನಿಂದ. ಬಾಕ್ಸ್ ಬಿಚ್ಚಿದ ಕೂಡಲೇ ಮೊದಲ ಕೆಲಸ ಸತ್ತ ಮೀನು ಎಣಿಸುವುದು. ಫೋಟೊ ತೆಗೆದು ಕಳಿಸಿದರೆ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರೆ. ಉಳಿದ ಲುಕ್ಸಾನು ಬದುಕಿದ ಮೀನಿನ ರೇಟಿನಲ್ಲಿ ಸೇರುತ್ತದೆ. ಈ ಲೆಕ್ಕ ಗೊತ್ತಿರುವುದರಿಂದಲೇ ಹಾವು, ಹಲ್ಲಿ, ಆಮೆಗಳ ವ್ಯಾಪಾರ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ಮೀನು ಸತ್ತರೆ ಅವತ್ತೇ ತೇಲುತ್ತದೆ. ಆಮೆ ಹಾಗಲ್ಲ. ಊಟ ಬಿಟ್ಟು, ಮೂಗು ಸೋರಿಸಿಕೊಂಡು, ತಿಂಗಳುಗಟ್ಟಲೆ ಒಳಗೊಳಗೇ ಸಾಯುತ್ತಾ ಇರುತ್ತದೆ. ಕಾಡಿನಲ್ಲಿ ಹಿಡಿದಾಗ, ಗೋದಾಮಿನಲ್ಲಿ, ವಿಮಾನದಲ್ಲಿ ಬಿದ್ದ ಪೆಟ್ಟು ಕಾಣುವುದು ಕೊನೆಗೆ ಕೊಂಡವರ ಮನೆಯಲ್ಲಿ. ಅಲ್ಲಿ ಎಣಿಸುವವರು ಯಾರೂ ಇಲ್ಲ.

2009ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಇಂಥ ಪ್ರಾಣಿಗಳ ಒಬ್ಬ ಸಗಟು ವ್ಯಾಪಾರಿಯ ಗೋದಾಮಿನ ಮೇಲೆ ದಾಳಿ ಆಯಿತು. 26 ಸಾವಿರಕ್ಕೂ ಹೆಚ್ಚು ಜೀವಿಗಳು ಸಿಕ್ಕವು. ಅವುಗಳಲ್ಲಿ ಸುಮಾರು 80 ಪರ್ಸೆಂಟ್ ಕಾಯಿಲೆ ಬಿದ್ದಿದ್ದವು, ಗಾಯಗೊಂಡಿದ್ದವು ಇಲ್ಲವೇ ಸತ್ತಿದ್ದವು. ಆರು ವಾರಕ್ಕೆ 70 ಪರ್ಸೆಂಟಿನಷ್ಟು ಸಾಯುವುದು ಈ ಧಂದೆಯಲ್ಲಿ ಮಾಮೂಲು ಅಂತ ವ್ಯಾಪಾರಿಯ ಪರವಾಗಿ ವಾದ ಬಂತು. ನನ್ನ ಅಂಗಡಿಯಲ್ಲಿ ನೂರು ಮೀನಿಗೆ ಎಪ್ಪತ್ತು ಸತ್ತರೆ ಆ ಸಪ್ಲೈಯರನ್ನು ಮತ್ತೆ ಮಾತಾಡಿಸುವುದಿಲ್ಲ. ಅಷ್ಟು ಸತ್ತರೂ ಲಾಭ ಬರುತ್ತದೆ ಅಂದರೆ ಒಂದೇ ಅರ್ಥ: ಆ ಜೀವಕ್ಕೆ ಕಾಡಿನಲ್ಲಿ ಕೊಟ್ಟ ಬೆಲೆ ಏನೂ ಇಲ್ಲ.

‘ಇವು ಫಾರ್ಮಿನಲ್ಲೇ ಹುಟ್ಟಿದವು ಅಣ್ಣಾ, ಪೇಪರ್ ಐತಿ’ ಅನ್ನುತ್ತಾರೆ ಸಪ್ಲೈಯರುಗಳು. ಪೇಪರ್ ಬೇಕು, ನಿಜ. ವಿದೇಶದ ಎಷ್ಟೋ ಜಾತಿಗಳನ್ನು ಸಾಕುವವರು ಈಗ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಆದರೆ ಆ ಪೇಪರ್ ಹುಟ್ಟಿದ ಊರಿನಲ್ಲಿ ಏನು ನಡೆಯುತ್ತದೆ? ಇಂಡೋನೇಷ್ಯಾದಿಂದ ಹೊರಗೆ ಹೋಗುವ ಹಸಿರು ಹೆಬ್ಬಾವುಗಳ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಬಂತು. ಫಾರ್ಮಿನವು ಅಂತ ರಫ್ತಾಗುತ್ತಿದ್ದ ಹಾವುಗಳಲ್ಲಿ ಕನಿಷ್ಠ 80 ಪರ್ಸೆಂಟ್ ಕಾಡಿನಿಂದ ಹಿಡಿದವು ಅಂತ ಅದು ಹೇಳಿತು. ಸೀಲು, ಸಹಿ ಎಲ್ಲಾ ಸರಿಯಾಗಿಯೇ ಇದ್ದವು. ಹಾಗಾಗಿ ನಾನು ಪೇಪರ್ ನೋಡಿ ಸುಮ್ಮನಾಗುವುದಿಲ್ಲ. ಈ ಮರಿಯ ತಾಯಿ ಎಲ್ಲಿದೆ, ತೋರಿಸಿ ಅನ್ನುತ್ತೇನೆ. ಇಲ್ಲಿಯವರೆಗೆ ಯಾರೂ ತೋರಿಸಿಲ್ಲ. (ಮೀನಿಗೂ ಇದೇ ಪ್ರಶ್ನೆ. ‘ಮಿಸ್ ಕೇರಳ’ ಮೀನನ್ನು ಪಶ್ಚಿಮ ಘಟ್ಟದ ಹೊಳೆಗಳಿಂದ ಹಿಡಿದು ಹಿಡಿದು ಅದು ಅಳಿವಿನ ಪಟ್ಟಿಗೆ ಸೇರಿದೆ.)

ಒಬ್ಬ ಸಪ್ಲೈಯರ್ ಬೇರೆ ವಾದ ಹೂಡಿದರು. ಹಿಡಿಯುವವರು ಬಡವರು, ಅವರ ಹೊಟ್ಟೆಗೆ ಯಾಕೆ ಕಲ್ಲು ಹಾಕುತ್ತೀರಿ ಅಂತ. ಇದನ್ನು ತಳ್ಳಿಹಾಕುವಂತಿಲ್ಲ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ 1971ರಲ್ಲಿ ಮೊಸಳೆ ಬೇಟೆ ನಿಲ್ಲಿಸಿದರು. ಮುಂದೆ ಗೂಡಿನ ಮೊಟ್ಟೆಗಳನ್ನು ಎಣಿಸಿ ತೆಗೆದು, ಆ ನೆಲದ ಜನಕ್ಕೆ ದುಡ್ಡು ಕೊಡುವ ಪದ್ಧತಿ ತಂದರು. ಆ ಮೊಟ್ಟೆಗಳಲ್ಲಿ ಬಹಳಷ್ಟು ಹೇಗೂ ನೆರೆಗೆ ಹಾಳಾಗುವಂಥವು. ಮೊಸಳೆಗಳೂ ಹೆಚ್ಚಿದವು, ಜನಕ್ಕೂ ಆದಾಯ ಬಂತು. ಆದರೆ ಅದು ಮೊಟ್ಟೆಯ ಮರಿಗಳನ್ನು ಫಾರ್ಮಿನಲ್ಲಿ ಬೆಳೆಸಿ ಮಾಡುವ ಚರ್ಮದ ವ್ಯಾಪಾರ. ಸಾಕುವವರ ಪೇಟೆಯಲ್ಲಿ ಅಪರೂಪ ಆದಷ್ಟೂ ರೇಟು ಏರುತ್ತದೆ. ಇಂಡೋನೇಷ್ಯಾದ ರೋಟಿ ದ್ವೀಪದ ಉದ್ದ ಕತ್ತಿನ ಆಮೆಗೆ ವಿಜ್ಞಾನಿಗಳು 1994ರಲ್ಲಿ ಹೆಸರಿಟ್ಟರು. ಸುದ್ದಿ ಹಬ್ಬಿದ್ದೇ ತಡ, ವ್ಯಾಪಾರಿಗಳು ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಅದು ಅಲ್ಲಿ ಕಾಣಸಿಗುವುದೇ ಕಷ್ಟವಾಯಿತು. ಟಾಂಜಾನಿಯಾದ ನೀಲಿ ಹಲ್ಲಿಯದು ಇನ್ನೂ ಸಂಕಟದ ಕಥೆ. ಅದು ಬದುಕುವುದು ನಮ್ಮ ಕೇದಗೆಯ ಜಾತಿಯ ಮರಗಳಲ್ಲಿ. ಹಲ್ಲಿ ಕೈಗೆ ಸಿಗಲಿ ಅಂತ ಮರವನ್ನೇ ಕಡಿಯುತ್ತಿದ್ದರು. ಮರ ಹೋದ ಮೇಲೆ ಹಿಡಿದವನಿಗೆ ಮರುವರ್ಷ ಏನು ಸಿಗುತ್ತದೆ? ದುಡ್ಡು ಮಾಡಿದವರು ಪರ ಊರಿನಲ್ಲಿ ಇರುತ್ತಾರೆ.

ನಕ್ಷತ್ರ ಆಮೆ ನಮ್ಮದೇ ದೇಶದ್ದು. ಕರ್ನಾಟಕ-ಆಂಧ್ರ ಗಡಿಯ ಒಣ ಕುರುಚಲು ಕಾಡಿನಿಂದ ಹಿಡಿದು, ಕಾಲು ತಲೆ ಒಳಗೆ ಸೇರಿಸಿ, ಟೇಪು ಸುತ್ತಿ ಸೂಟ್‌ಕೇಸಿನಲ್ಲಿ ಮಲೇಷ್ಯಾ, ಥಾಯ್ಲೆಂಡಿಗೆ ಸಾಗಿಸುತ್ತಾರೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದರು. ನಮ್ಮ ವನ್ಯಜೀವಿ ಕಾನೂನಿನಲ್ಲಿ ಈಗ ಇದು ಹುಲಿ ಇರುವ ಒಂದನೇ ಅನುಸೂಚಿಯಲ್ಲೇ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲೇ ಇದೆ. ಶಿಕ್ಷೆ 3ರಿಂದ 7 ವರ್ಷ ಜೈಲು. ಮನೆಗೆ ಅದೃಷ್ಟ ಬರುತ್ತದೆ ಅಂತ ಸಾಕಿದರೂ ಅಪರಾಧವೇ.

ಈ ಆಮೆಯನ್ನು ಈಗಾಗಲೇ ಮನೆಯಲ್ಲಿ ಇಟ್ಟುಕೊಂಡವರೂ ನನ್ನ ಬಳಿ ಬರುತ್ತಾರೆ. ಬರೀ ಎಲೆಕೋಸು, ಅನ್ನ ಹಾಕಿ, ಬಿಸಿಲು ಕಾಣಿಸದೆ ಸಾಕಿರುತ್ತಾರೆ. ಚಿಪ್ಪು ಉಬ್ಬುಬ್ಬಾಗಿ ಬೆಳೆದಿರುತ್ತದೆ. ‘ಕಪ್ಪತಗುಡ್ಡದಾಗ ಬಿಟ್ಟು ಬರ್ಲೇನ್ರಿ?’ ಅಂತ ಒಬ್ಬರು ಕೇಳಿದರು. ದಯವಿಟ್ಟು ಬೇಡ. ಅದು ಯಾವ ನೆಲದ್ದು ಅಂತ ಗೊತ್ತಿಲ್ಲ, ಮನೆಯಿಂದ ಹೊತ್ತು ಹೋಗುವ ರೋಗ ಅಲ್ಲಿಯ ಪ್ರಾಣಿಗಳಿಗೂ ತಗಲುತ್ತದೆ. 2018ರಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ವಾಪಸ್ ಬಂದವು. ಅವನ್ನೂ ನೇರವಾಗಿ ಕಾಡಿಗೆ ಬಿಡಲಿಲ್ಲ, ಮೊದಲು ಬೇರೆಯೇ ಇಟ್ಟು ಆರೋಗ್ಯ ನೋಡಿದರು. ನಿಮ್ಮ ಮನೆಯಲ್ಲಿ ಒಂದು ಇದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರು ಬರುವವರೆಗೆ ಗಾಳಿ ಆಡುವ ಡಬ್ಬಿಯಲ್ಲಿ ಇಡಿ, ಹತ್ತಿರ ತಟ್ಟೆಯಲ್ಲಿ ಸ್ವಲ್ಪ ನೀರಿರಲಿ. ಮಕ್ಕಳು ಎತ್ತಿ ಆಡಿಸದಂತೆ ನೋಡಿಕೊಳ್ಳಿ, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಿರಿ.