ಬಿರುಕು ಮುಚ್ಚಿದೆ, ಅದು ಎರಡಡಿ ಹಿಂದಕ್ಕೆ ಹೋಯಿತು

ಆಫ್‌ರೋಡ್ ಗಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ನನ್ನ ಪಾಲಿಗೆ ಬರುವುದು ಫ್ರೇಮ್. ಇಂಜಿನ್, ಗೇರ್‌ಬಾಕ್ಸ್ ನೋಡಿಕೊಳ್ಳುವವರು ಬೇರೆ ಇದ್ದಾರೆ. ಎಲ್ಲವನ್ನೂ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಉಳಿಯುವ ಆ ಕಬ್ಬಿಣದ ಏಣಿ ಇದೆಯಲ್ಲ, ಅದು ನನ್ನದು. ಫೋಟೋದಲ್ಲಿ ಬರದ, ಮಾಲೀಕರು ಯಾರಿಗೂ ತೋರಿಸದ ಭಾಗ.

ಈ ಕೆಲಸಕ್ಕೆ ಬಂದು ನಾಲ್ಕನೇ ವರ್ಷ. ಒಂದು ಫೋರ್ ವೀಲ್ ಡ್ರೈವ್ ಲಾರಿ ಬಂತು. ಸಿ ಚಾನೆಲ್ ಫ್ರೇಮ್, ಅಂದರೆ ಏಣಿಯ ಎರಡು ಉದ್ದ ತೊಲೆಗಳು (ನಾವು ಹಳಿ ಅನ್ನುತ್ತೇವೆ) ಒಂದು ಬದಿ ಬಾಯಿ ತೆರೆದ ಸಿ ಆಕಾರದವು. ಹಿಂದೆ ಮುಂದೆ ಲೀಫ್ ಸ್ಪ್ರಿಂಗ್, ಹಿಂಬದಿಗೆ ಒಳಗೆ ಜನ ಮಲಗಿ ಏಳುವಂಥ ದೊಡ್ಡ ಪೆಟ್ಟಿಗೆ ಬಾಡಿ. ಕ್ಯಾಬಿನ್ ಹಿಂದುಗಡೆ, ಬಾಡಿಯ ಮುಂಚೂಣಿ ಬರುವ ಜಾಗದಲ್ಲಿ ಬಲಗಡೆ ಹಳಿಗೆ ಬೆರಳುದ್ದದ ಬಿರುಕು. ನಾನು ಅರ್ಧ ನಿಮಿಷ ಬಗ್ಗಿ ನೋಡಿ ತೀರ್ಪು ಕೊಟ್ಟೆ: ಫ್ರೇಮ್ ಬಲಹೀನ, ಬಾಕ್ಸ್ ಮಾಡಬೇಕು. ಕ್ಯಾಬಿನ್ ಹಿಂದಿನಿಂದ ಹಿಂಬದಿ ಸ್ಪ್ರಿಂಗ್ ತುದಿಯನ್ನು ಹಳಿಗೆ ಹಿಡಿದಿಡುವ ಹ್ಯಾಂಗರ್‌ವರೆಗೆ 4 ಮಿ.ಮೀ. ಪ್ಲೇಟ್ ಕತ್ತರಿಸಿ ಚಾನೆಲ್‌ನ ತೆರೆದ ಬಾಯಿ ಮುಚ್ಚಿದೆ. ವೆಲ್ಡಿಂಗ್ ಗೆರೆಯ, ಅಂದರೆ ಬೀಡ್‌ನ ಸಾಲು ನೋಡಿ ನನಗೇ ಖುಷಿಯಾಗಿತ್ತು.

ಎಂಟು ತಿಂಗಳಿಗೆ ಲಾರಿ ವಾಪಸ್ ಬಂತು. ಹಳೆಯ ಬಿರುಕಿನ ಜಾಗ ಗಟ್ಟಿಯಾಗೇ ಇತ್ತು. ಆದರೆ ನನ್ನ ಪ್ಲೇಟ್ ಮುಗಿಯುವ ಕಡೆ, ಹ್ಯಾಂಗರ್‌ಗೆ ನಾಲ್ಕು ಬೆರಳು ಮುಂದೆ, ಎರಡೂ ಹಳಿಗಳ ಕೆಳಗಿನ ಫ್ಲೇಂಜ್, ಅಂದರೆ ಸಿ ಆಕಾರದ ಕೆಳತುಟಿ, ಸೀಳಿತ್ತು. ಸೀಳು ಶುರುವಾಗಿದ್ದು ನನ್ನ ವೆಲ್ಡಿಂಗ್‌ನ ಕೊನೆಯ ಚುಕ್ಕೆಯಿಂದಲೇ. ಒಂದಿದ್ದ ಬಿರುಕನ್ನು ಎರಡು ಮಾಡಿ, ಎರಡಡಿ ಹಿಂದಕ್ಕೆ ಸಾಗಿಸಿಕೊಟ್ಟಿದ್ದೆ.

ನಮ್ಮ ಮೇಸ್ತ್ರಿ ಬೈಯಲಿಲ್ಲ. ಲಾರಿಯ ಮುಂದಿನ ಎಡಚಕ್ರವನ್ನು ರ‍್ಯಾಂಪ್ ಮೇಲೆ ಹತ್ತಿಸಿ, "ಕ್ಯಾಬಿನ್‌ಗೂ ಬಾಡಿಗೂ ನಡುವಿನ ಸಂದು ಅಳೆಯಪ್ಪಾ" ಅಂದರು. ಅಳೆದೆ. ಮೇಲ್ತುದಿಯಲ್ಲಿ ಸಂದು ಒಂದಿಷ್ಟೂ ಕದಲಿರಲಿಲ್ಲ. "ಇಷ್ಟು ಉದ್ದದ ಸಿ ಚಾನೆಲ್ ಗಾಡಿ ಓರೆ ನಿಂತರೆ ತಿರುಚಿಕೊಳ್ಳಲೇಬೇಕು. ಇಲ್ಲಿ ತಿರುಚಿಲ್ಲ ಅಂದ್ರೆ ಮತ್ತೆಲ್ಲಿ ತಿರುಚಿತು?" ಅಂತ ಕೇಳಿ ಟೀ ಕುಡಿಯಲು ಹೋದರು. ಉತ್ತರ ನನ್ನ ಕಣ್ಣೆದುರಿಗೇ ಸೀಳಿಕೊಂಡು ನಿಂತಿತ್ತು.

ಆವತ್ತು ಕೂತು ಲೆಕ್ಕ ಹಾಕಿದೆ. 150 ಮಿ.ಮೀ. ಎತ್ತರ, 60 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಚಾನೆಲ್ ತೆಗೆದುಕೊಳ್ಳಿ. ಅದರ ಬಾಯಿಗೆ ಅಷ್ಟೇ ದಪ್ಪದ ಪ್ಲೇಟ್ ಮುಚ್ಚಿದರೆ ಬಾಗುವಿಕೆಗೆ ಅದು ತೋರುವ ಬಿಗಿ ಹೆಚ್ಚುವುದು ಕಾಲು ಪಾಲಿನಷ್ಟು, ಅಷ್ಟೇ. ತಿರುಚುವಿಕೆಗೆ ತೋರುವ ಬಿಗಿ ಮಾತ್ರ ಸುಮಾರು 450 ಪಟ್ಟು ಏರುತ್ತದೆ. ನಂಬಿಕೆ ಬರದಿದ್ದರೆ ಒಂದು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕೈಯಲ್ಲಿ ತಿರುಚಿ ನೋಡಿ, ಸೀಳದ ಪೈಪನ್ನೂ ತಿರುಚಿ ನೋಡಿ. ಬಾಗಿಸುವಾಗ ಅಷ್ಟೇನೂ ವ್ಯತ್ಯಾಸ ತಿಳಿಯುವುದಿಲ್ಲ, ತಿರುಚುವಾಗ ಎರಡೂ ಬೇರೆ ಬೇರೆ ವಸ್ತು.

ಅಂದರೆ ನಾನು ಫ್ರೇಮನ್ನು 'ಸ್ವಲ್ಪ ಗಟ್ಟಿ' ಮಾಡಿರಲಿಲ್ಲ. ರಬ್ಬರ್ ಪಟ್ಟಿಯ ನಡುವೆ ಕಬ್ಬಿಣದ ಸರಳು ಕಟ್ಟಿದ ಹಾಗೆ ಮಾಡಿದ್ದೆ. ಉದ್ದಕ್ಕೂ ಹಂಚಿಹೋಗುತ್ತಿದ್ದ ತಿರುಚು ಪ್ಲೇಟ್ ಮುಗಿದ ಆ ಒಂದು ಗೆರೆಯ ಮೇಲೆ ಬಂದು ಕೂತಿತು. ಪ್ಲೇಟಿನ ತುದಿಯನ್ನು ನೇರ ಕತ್ತರಿಸಿ, ಅಡ್ಡಕ್ಕೆ ವೆಲ್ಡ್ ಹೊಡೆದಿದ್ದು ಸುಡುವ ಗಾಯಕ್ಕೆ ಉಪ್ಪು.

ಇನ್ನು ಮೊದಲ ಬಿರುಕು ಯಾಕೆ ಬಂತು? ಆ ಪೆಟ್ಟಿಗೆ ಬಾಡಿಯನ್ನು ಕಟ್ಟಿದವರು ಉದ್ದಕ್ಕೂ ಯು ಬೋಲ್ಟ್ ಹಾಕಿ ಹಳಿಗೆ ಬಿಗಿದಿದ್ದರು. ಪೆಟ್ಟಿಗೆ ತಾನೂ ತಿರುಚುವುದಿಲ್ಲ, ಕೆಳಗಿನ ಹಳಿಗೂ ಬಿಡುವುದಿಲ್ಲ. ಹಾಗಾಗಿ ಪೆಟ್ಟಿಗೆ ಶುರುವಾಗುವ ಜಾಗದಲ್ಲೇ ಹಳಿ ಸೋತಿತ್ತು. ಕಾಯಿಲೆ ಇದ್ದದ್ದು ಬಾಡಿ ಕೂರಿಸಿದ ರೀತಿಯಲ್ಲಿ, ನಾನು ಔಷಧಿ ಹಚ್ಚಿದ್ದು ಹಳಿಗೆ. ಮರ್ಸಿಡಿಸ್‌ನ ಉನಿಮೋಗ್‌ನಂಥ ಆಫ್‌ರೋಡ್ ಲಾರಿಗಳ ಏಣಿ ಫ್ರೇಮ್ ಬೇಕಂತಲೇ ತಿರುಚುವ ಹಾಗೆ ಮಾಡಿರುತ್ತಾರೆ, ಮೇಲಿನ ಬಾಡಿಯನ್ನು ಮೂರು ಅಥವಾ ನಾಲ್ಕು ಬಿಂದುಗಳ ಮೇಲೆ ತೇಲಿಸಿ ಕೂರಿಸುತ್ತಾರೆ. ಜೆಕ್ ಲಾರಿ ಕಂಪನಿ ಟಾಟ್ರಾದವರದ್ದು ಇನ್ನೊಂದು ತುದಿ. 1923ರಿಂದಲೇ ನಡುವೆ ಒಂದು ದಪ್ಪ ಕೊಳವೆ ಬೆನ್ನೆಲುಬು, ಅದು ತಿರುಚುವುದೇ ಇಲ್ಲ, ಏಳುವುದು ಬೀಳುವುದು ಎಲ್ಲಾ ಅರ್ಧ ಆಕ್ಸಲ್‌ಗಳ ಪಾಲು. ಎರಡೂ ಸರಿ. ನಾನು ಮಾಡಿದ್ದ ಅರ್ಧ ಅದು, ಅರ್ಧ ಇದು ಮಾತ್ರ ತಪ್ಪು.

ಪ್ಲೇಟ್‌ಗಳನ್ನೆಲ್ಲ ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆಯಲು ಹಾಕುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಬಿರುಕಿನ ತುದಿ ಎಲ್ಲಿದೆ ಅಂತ ಬಣ್ಣದ ದ್ರವ ಹಚ್ಚಿ ಹುಡುಕಿ, ತುದಿಗೆ ತೂತು ಕೊರೆದು, ವಿ ಆಕಾರಕ್ಕೆ ಕೆತ್ತಿ, ವೆಲ್ಡ್ ತುಂಬಿ, ಮಟ್ಟಸ ತೀಡಿದೆ. ಬಾಡಿಗೆ ಪ್ರತ್ಯೇಕ ಸಬ್ ಫ್ರೇಮ್ ಮಾಡಿ ಹಿಂದೆ ಎರಡು ಕಡೆ ಬಿಗಿ, ಮುಂದೆ ನಡುಮಧ್ಯೆ ಒಂದೇ ತಿರುಗಣೆ ಕೊಟ್ಟೆವು. ಮತ್ತೆ ರ‍್ಯಾಂಪ್ ಹತ್ತಿಸಿದಾಗ ಕ್ಯಾಬಿನ್ ಒಂದು ಕಡೆ ವಾಲಿತು, ಬಾಡಿ ಇನ್ನೊಂದು ಕಡೆ. ನೋಡಲು ಭಯವಾಗುತ್ತದೆ, ಆದರೆ ಅದು ಹಾಗೇ ಇರಬೇಕು.

ಹಾಗಂತ ಬಾಕ್ಸ್ ಮಾಡುವುದೇ ತಪ್ಪು ಅಂತಲ್ಲ. ಗಿಡ್ಡ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ), ಕಾಯಿಲ್ ಸ್ಪ್ರಿಂಗ್, ಉದ್ದ ಓಡಾಟದ ಶಾಕ್ ಇರುವ ಗಾಡಿಗೆ ಬಾಕ್ಸ್ ಫ್ರೇಮೇ ಬೇಕು. ಅಲ್ಲಿ ಮಣಿಯುವ ಕೆಲಸ ಸಸ್ಪೆನ್ಷನ್‌ದು. ಫ್ರೇಮ್ ತಾನೂ ಮಣಿದರೆ ಸ್ಪ್ರಿಂಗ್ ಲೆಕ್ಕವೇ ಕೆಡುತ್ತದೆ. ಆದ್ದರಿಂದ ಈಗ ಯಾರಾದರೂ ಫ್ರೇಮ್ ಆರಿಸಿಕೊಡಿ ಅಂತ ಬಂದರೆ ನಾನು ದಪ್ಪ ಕೇಳುವುದಿಲ್ಲ. ವೀಲ್‌ಬೇಸ್ ಎಷ್ಟು, ಯಾವ ಸ್ಪ್ರಿಂಗ್, ಮೇಲೆ ಏನು ಕೂರಿಸುತ್ತೀರಿ, ಎಷ್ಟು ತೂಕ ಅಂತ ಕೇಳುತ್ತೇನೆ. ಬಾಗುವಿಕೆ ತಡೆಯಬೇಕಿದ್ದರೆ ದಪ್ಪಕ್ಕಿಂತ ಎತ್ತರದ ಹಳಿ ಲಾಭ, ಒಂದು ಮಿ.ಮೀ. ದಪ್ಪ ಹೆಚ್ಚಿಸಿದರೆ ತೂಕವೂ ಅದೇ ಅನುಪಾತದಲ್ಲಿ ಏರುತ್ತದೆ.

ಹಳೆಯ ಫ್ರೇಮ್ ಆದರೆ ಮೊದಲು ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯುತ್ತೇನೆ. ಎರಡು ಕರ್ಣ ಸಮವಿಲ್ಲದಿದ್ದರೆ ಮುಂದಿನ ಮಾತೇ ಇಲ್ಲ. ಆಮೇಲೆ ಸುತ್ತಿಗೆಯಿಂದ ತಟ್ಟುತ್ತಾ ಹೋಗುವುದು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಬೊದ್ದು ಸದ್ದು ಮಾಡುತ್ತದೆ. ಬಾಕ್ಸ್ ಫ್ರೇಮ್ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಬಣ್ಣ ಫಳಫಳ ಅನ್ನುತ್ತಲೇ ಇರುತ್ತದೆ. ನೀರು ಇಳಿಯುವ ತೂತುಗಳಲ್ಲಿ ಬೆರಳು ಹಾಕಿ. ಪದರ ಪದರ ಚಕ್ಕೆ ಬಂದರೆ ಬಿಟ್ಟುಬಿಡಿ. ನೀವೇ ಬಾಕ್ಸ್ ಮಾಡಿದರೆ ಆ ತೂತು ಬಿಡಲು, ಒಳಗೆ ಮೇಣ ಹೊಡೆಯಲು ಮರೆಯಬೇಡಿ.

ಭಾರೀ ಲಾರಿಯ ಹಳಿ ಸಿಕ್ಕರೆ ಹುಷಾರು. ಸಾದಾ ಕಬ್ಬಿಣದ ಹಳಿ 250 ಮೆಗಾಪಾಸ್ಕಲ್ (ಲೋಹದ ಮೇಲೆ ಬೀಳುವ ಒತ್ತಡದ ಅಳತೆ) ಆಸುಪಾಸಿನಲ್ಲಿ ಮಣಿಯುತ್ತದೆ. ಶಾಖ ಕೊಟ್ಟು ಹದ ಮಾಡಿದ ಹಳಿ ಸುಮಾರು 760ರವರೆಗೆ ತಡೆಯುತ್ತದೆ. ಆದರೆ ಅದಕ್ಕೆ ವೆಲ್ಡಿಂಗ್ ಕಾವು ತಗುಲಿದರೆ ಆ ಹದವೇ ಹೋಯಿತು. ಅಂಥದ್ದಕ್ಕೆ ಬೋಲ್ಟ್ ಮಾತ್ರ, ತೂತು ಹಳಿಯ ನಿಂತ ಗೋಡೆಗೆ ಮಾತ್ರ. ಫ್ಲೇಂಜ್‌ಗೆ ಡ್ರಿಲ್ ಹಿಡಿದವನನ್ನು ನಮ್ಮ ಮೇಸ್ತ್ರಿ ಒಮ್ಮೆ ಅರ್ಧ ದಿನ ಮನೆಗೆ ಕಳಿಸಿದ್ದರು.

ಬಲಪಡಿಸುವ ಪ್ಲೇಟಿನ ತುದಿಯನ್ನು ಈಗ ಮೀನಿನ ಬಾಲದ ಹಾಗೆ ಓರೆಯಾಗಿ ಕತ್ತರಿಸುತ್ತೇನೆ, ಕೊನೆಯ ಅಂಚಿಗೆ ಅಡ್ಡ ಬೀಡ್ ಹಾಕುವುದಿಲ್ಲ, ಎಡ ಬಲ ಎರಡೂ ಪ್ಲೇಟ್ ಒಂದೇ ಗೆರೆಯಲ್ಲಿ ಮುಗಿಯಲು ಬಿಡುವುದಿಲ್ಲ, ಹ್ಯಾಂಗರ್ ಹತ್ತಿರವಂತೂ ಮುಗಿಸುವುದೇ ಇಲ್ಲ. ದೊಡ್ಡ ಟೈರ್ ಹಾಕುವವರಿಗೆ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ ಮೊದಲು ನೋಡುತ್ತೇನೆ. ಬಾಕ್ಸ್ ಮಾಡಿದ ಹಳಿಯ ಮೂಲಕ ಹಾಯುವ ಬೋಲ್ಟ್‌ಗೆ ಒಳಗೊಂದು ಪೈಪ್ ತುಂಡು ಕೂರಿಸದಿದ್ದರೆ, ಬಿಗಿದಷ್ಟೂ ಗೋಡೆ ಒಳಕ್ಕೆ ಚಪ್ಪಟೆಯಾಗಿ ಕೊನೆಗೆ ಬಿರಿಯುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿ ಕಳಚುವುದು, ಅರ್ತ್ ಕ್ಲಾಂಪ್ ವೆಲ್ಡ್ ಪಕ್ಕದಲ್ಲೇ ಹಾಕುವುದು ಎಲ್ಲರಿಗೂ ಗೊತ್ತಿದೆ, ಆದರೂ ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ಸುಟ್ಟುಕೊಂಡವರು ಬರುತ್ತಲೇ ಇದ್ದಾರೆ.

ಆ ಲಾರಿ ಈಗಲೂ ಸರ್ವಿಸ್‌ಗೆ ಬರುತ್ತದೆ. ಪ್ರತಿ ಸಲ ರ‍್ಯಾಂಪ್ ಹತ್ತಿಸಿ, ಸಂದು ಅಳೆದು, ಬಾಡಿಯ ಕೆಳಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಮಾಲೀಕರದ್ದು ಒಂದೇ ದೂರು: ಮುಂದಿನ ತಿರುಗಣೆ ಕಿರುಗುಟ್ಟಿ ರಾತ್ರಿ ನಿದ್ದೆ ಕೆಡಿಸುತ್ತದಂತೆ. ಗ್ರೀಸ್ ನಿಪ್ಪಲ್ ಇಡಲು ಆವತ್ತು ನನಗೆ ಹೊಳೆದಿರಲಿಲ್ಲ.